50 ಹಡಗು ಕೈಗೆ ಕೊಟ್ಟರೆ ಎಂಥ ನೌಕಾಪಡೆ ಕಟ್ಟಬೇಕು?

ಪ್ರಶ್ನೆ: ನಾನು ಕಾಸರಗೋಡಿನಲ್ಲಿ ಪದವಿ ಓದುತ್ತಿದ್ದೇನೆ, ಮನೆ ಕುಂಬಳೆ. ನೌಕಾಪಡೆ ಸೇರುವ ಆಸೆ ಇದೆ. ಗೆಳೆಯರ ನಡುವೆ ಆಗಾಗ ಒಂದು ವಾದ ನಡೆಯುತ್ತದೆ. ಒಂದು ಮಧ್ಯಮ ಗಾತ್ರದ ದೇಶ, ಎರಡು ಕಡೆ ಕಡಲು, ಹೊಸದಾಗಿ 50 ಹಡಗುಗಳ ನೌಕಾಪಡೆ ಕಟ್ಟಬೇಕು ಅಂದುಕೊಳ್ಳಿ. ವಿಮಾನವಾಹಕ, ಡಿಸ್ಟ್ರಾಯರ್, ಫ್ರಿಗೇಟ್, ಸಬ್‌ಮರೀನ್ ಯಾವುದು ಎಷ್ಟಿರಬೇಕು? ಒಬ್ಬ ಗೆಳೆಯ ‘ವಿಮಾನವಾಹಕ ಇಲ್ಲದಿದ್ದರೆ ಅದು ನೌಕಾಪಡೆಯೇ ಅಲ್ಲ’ ಅನ್ನುತ್ತಾನೆ. ಇನ್ನೊಬ್ಬ ‘ಉಕ್ರೇನ್ ನೋಡು, ಇನ್ನೆಲ್ಲ ಡ್ರೋನೇ, ದೊಡ್ಡ ಹಡಗು ಸುಮ್ನೆ ದಂಡ’ ಅನ್ನುತ್ತಾನೆ. ಯಾರು ಸರಿ ಸರ್?

ಉತ್ತರ: ಇಬ್ಬರೂ ಅರ್ಧರ್ಧ ಸರಿ. ಆದರೆ ಇಬ್ಬರೂ ಫೋಟೊದಲ್ಲಿ ಚಂದ ಕಾಣುವ ಸಾಮಾನಿನ ಬಗ್ಗೆಯೇ ಜಗಳ ಆಡುತ್ತಿದ್ದಾರೆ. ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ, ಯಾಕೆ ಅಂತ ಆಮೇಲೆ ನೋಡೋಣ.

ದೊಡ್ಡ ಯುದ್ಧನೌಕೆಗಳಲ್ಲಿ ಡಿಸ್ಟ್ರಾಯರ್ 6, ಫ್ರಿಗೇಟ್ 12. ಸಬ್‌ಮರೀನ್ 8. ದಡದ ಹತ್ತಿರ, ಆಳ ಕಡಿಮೆ ಇರುವ ನೀರಿನಲ್ಲಿ ಶತ್ರುವಿನ ಸಬ್‌ಮರೀನ್ ಹುಡುಕುವ ಚಿಕ್ಕ ಹಡಗು 10. ನೀರಿನಲ್ಲಿಡುವ ಬಾಂಬು, ಅಂದರೆ ಮೈನ್, ತೆಗೆಯುವ ಹಡಗು 4, ನಡುಗಡಲಲ್ಲಿ ಇಂಧನ ತುಂಬಿಸುವ ಟ್ಯಾಂಕರ್ 3, ಸೈನಿಕರನ್ನೂ ವಾಹನಗಳನ್ನೂ ದಡಕ್ಕೆ ಇಳಿಸುವ ಹಡಗು 2, ಗಸ್ತು ಹಡಗು 4, ಸಮುದ್ರ ಸರ್ವೆಗೆ 1. ಒಟ್ಟು 50. ವಿಮಾನವಾಹಕ ಸೊನ್ನೆ.

ಸೊನ್ನೆ ಅಂದದ್ದಕ್ಕೆ ನಿಮ್ಮ ಮೊದಲ ಗೆಳೆಯನಿಗೆ ಸಿಟ್ಟು ಬರಬಹುದು. ಅಲ್ಲಿಂದಲೇ ಶುರು ಮಾಡೋಣ.

ನೌಕಾಪಡೆಯವರ ಬಾಯಲ್ಲಿ ಒಂದು ಹಳೆಯ ಲೆಕ್ಕ ಇದೆ. ಮೂರು ಹಡಗು ಇದ್ದರೆ ಒಂದು ಕಡಲಲ್ಲಿ ಇರುತ್ತದೆ. ಎರಡನೆಯದು ತರಬೇತಿಯಲ್ಲೋ ಹೊರಡುವ ತಯಾರಿಯಲ್ಲೋ ಇರುತ್ತದೆ. ಮೂರನೆಯದು ರಿಪೇರಿ ಡಾಕಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತದೆ. ತುರ್ತಿಗೆ ಎರಡನ್ನು ಓಡಿಸಬಹುದು. ಆದರೆ ವರ್ಷಗಟ್ಟಲೆ ಹಾಗೆ ಓಡಿಸಿದರೆ ಮೂರೂ ಒಟ್ಟಿಗೆ ಡಾಕು ಸೇರುತ್ತವೆ. ಹಡಗಿನ ಎಂಜಿನ್ ಕೋಣೆಯಲ್ಲೇ ನೌಕರಿಯ ಬಹುಪಾಲು ಕಳೆದವನು ನಾನು, ಆದ್ದರಿಂದ ಈ ವಿಷಯದಲ್ಲಿ ನನ್ನದು ಸ್ವಲ್ಪ ಪಕ್ಷಪಾತ ಅಂತಲೇ ಇಟ್ಟುಕೊಳ್ಳಿ. ಯಾರಾದರೂ ‘ನಮ್ಮಲ್ಲಿ ಇಷ್ಟು ಹಡಗು’ ಅಂದರೆ ನಾನು ಮನಸ್ಸಿನಲ್ಲೇ ಮೂರರಿಂದ ಭಾಗಿಸುತ್ತೇನೆ.

ವಿಮಾನವಾಹಕ ಒಂದೇ ಇದ್ದರೆ ಭಾಗಿಸಿದಾಗ ಏನು ಸಿಗುತ್ತದೆ? ಫ್ರಾನ್ಸ್ ಬಳಿ ಇರುವುದು ಒಂದೇ, ಶಾರ್ಲ್ ದ ಗಾಲ್. 2017ರಲ್ಲಿ ಅದು ದೊಡ್ಡ ರಿಪೇರಿಗೆ ಹೋಯಿತು. ಸುಮಾರು ಒಂದೂವರೆ ವರ್ಷ ಫ್ರಾನ್ಸಿಗೆ ವಿಮಾನವಾಹಕವೇ ಇರಲಿಲ್ಲ. ರಷ್ಯಾದ ಅಡ್ಮಿರಲ್ ಕುಜ್ನೆತ್ಸೊವ್ ಕಥೆ ಇನ್ನೂ ಕಷ್ಟ. ಸಿರಿಯಾಕ್ಕೆ ಹೋಗಿ ಬಂದು ರಿಪೇರಿಗೆ ನಿಂತಿತು. 2018ರಲ್ಲಿ ಅದನ್ನು ಹೊತ್ತಿದ್ದ ತೇಲುವ ಡಾಕೇ ಮುಳುಗಿತು. 2019ರಲ್ಲಿ ಒಳಗೆ ಬೆಂಕಿ ಬಿತ್ತು. ಆ ಸಿರಿಯಾ ಯಾತ್ರೆಯ ನಂತರ ಅದು ಯಾವ ಕಾರ್ಯಾಚರಣೆಗೂ ಹೊರಟಿಲ್ಲ. ಥಾಯ್ಲೆಂಡಿನದ್ದು ಬೇರೆಯೇ ತಮಾಷೆ. 1997ರಲ್ಲಿ ಚಕ್ರಿ ನರುಬೆಟ್ ಅನ್ನುವ ಪುಟ್ಟ ವಿಮಾನವಾಹಕ ತಂದರು. ಅದರ ಹ್ಯಾರಿಯರ್ ವಿಮಾನಗಳು 2006ರಲ್ಲಿ ನಿವೃತ್ತಿಯಾದವು, ಹೊಸದು ಬರಲಿಲ್ಲ. ಈಗ ಅದು ಹೆಲಿಕಾಪ್ಟರ್ ಒಯ್ಯುತ್ತದೆ, ನೆರೆ ಬಂದಾಗ ಸಹಾಯಕ್ಕೆ ಹೋಗುತ್ತದೆ. ಕೆಟ್ಟ ಕೆಲಸವೇನಲ್ಲ, ಆದರೆ ಅದಕ್ಕೆ ವಿಮಾನವಾಹಕವೇ ಬೇಕಿರಲಿಲ್ಲ.

ದುಡ್ಡಿನ ಲೆಕ್ಕವೂ ಇದೆ. ಕೊಚ್ಚಿಯಲ್ಲಿ ಕಟ್ಟಿ 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿದ ನಮ್ಮ ಐಎನ್‌ಎಸ್ ವಿಕ್ರಾಂತ್‌ಗೆ ಸುಮಾರು 20,000 ಕೋಟಿ ರೂಪಾಯಿ ಖರ್ಚಾಯಿತು. 2025ರ ಏಪ್ರಿಲ್‌ನಲ್ಲಿ ನೌಕಾಪಡೆಗಾಗಿ 26 ರಫೇಲ್ ಮರೀನ್ ವಿಮಾನಗಳಿಗೆ ಸಹಿ ಬಿತ್ತು. ಆಯುಧ, ತರಬೇತಿ ಎಲ್ಲ ಸೇರಿ ಅದು ಸುಮಾರು 63,000 ಕೋಟಿ. ಅಂದರೆ ಹಡಗಿಗಿಂತ ಅದರ ಮೇಲೆ ಇಳಿಯುವ ವಿಮಾನಗಳೇ ಮೂರು ಪಟ್ಟು ದುಬಾರಿ. ಪೇಪರಿನಲ್ಲಿ ಹಡಗಿನ ಬೆಲೆ ಮಾತ್ರ ಓದಿದವರಿಗೆ ಇದು ತಲೆಗೆ ಹೋಗುವುದಿಲ್ಲ.

ಇದಕ್ಕಿಂತ ದೊಡ್ಡ ಸಮಸ್ಯೆ ಬೆಂಗಾವಲು. ವಿಮಾನವಾಹಕ ಒಂಟಿಯಾಗಿ ಓಡಾಡುವುದಿಲ್ಲ. ಎರಡು ಡಿಸ್ಟ್ರಾಯರ್, ಎರಡು ಮೂರು ಫ್ರಿಗೇಟ್, ನೀರಿನಡಿ ಒಂದು ಸಬ್‌ಮರೀನ್, ಹಿಂದೆ ಒಂದು ಟ್ಯಾಂಕರ್ ಬೇಕು. ನನ್ನ ಪಟ್ಟಿಯಲ್ಲಿ ಡಿಸ್ಟ್ರಾಯರ್, ಫ್ರಿಗೇಟ್ ಸೇರಿ 18. ಮೂರರಿಂದ ಭಾಗಿಸಿ. ಯಾವ ದಿನವಾದರೂ ಕಡಲಲ್ಲಿ ಸಿಗುವುದು 6. ಅದರಲ್ಲಿ ನಾಲ್ಕೈದು ವಿಮಾನವಾಹಕದ ಸುತ್ತ ನಿಂತರೆ ಉಳಿದ ಎರಡೂ ಕಡಲಿಗೆ ಒಂದೋ ಎರಡೋ ಹಡಗು. ಆಗ ನೌಕಾಪಡೆ ದೇಶವನ್ನು ಕಾಯುವುದಿಲ್ಲ, ತನ್ನ ದೊಡ್ಡ ಹಡಗನ್ನು ಕಾಯುತ್ತದೆ.

ಭಾರತದ ಮಾತು ಬೇರೆ. ನಮ್ಮಲ್ಲಿ ಹಡಗುಗಳ ಸಂಖ್ಯೆ ನೂರು ದಾಟಿದೆ. ದಡದಿಂದ ಹಾರಿದ ಯುದ್ಧವಿಮಾನಗಳು ತಲುಪದ ದೂರದಲ್ಲೂ ನಮಗೆ ಕೆಲಸ ಇದೆ. ಹಾಗಾಗಿ ವಿಕ್ರಾಂತ್, ವಿಕ್ರಮಾದಿತ್ಯ ಎರಡೂ ಬೇಕು ಅಂತಲೇ ನನ್ನ ಅಭಿಪ್ರಾಯ. 1971ರಲ್ಲಿ ಹಳೆಯ ವಿಕ್ರಾಂತ್ ಒಂದು ಬಾಯ್ಲರ್ ಬಿರುಕು ಬಿಟ್ಟಿದ್ದರೂ ಬಂಗಾಳ ಕೊಲ್ಲಿಗೆ ಹೋಗಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ವಿಮಾನ ಹಾರಿಸಿತು. ಆ ಎಂಜಿನ್ ಕೋಣೆಯವರಿಗೆ ಎಷ್ಟು ಪದಕ ಕೊಟ್ಟರೂ ಕಡಿಮೆ. ಆದರೆ ನೀವು ಕೇಳಿದ್ದು 50 ಹಡಗಿನ ದೇಶದ ವಿಚಾರ.

ಇನ್ನು ಎರಡನೆಯ ಗೆಳೆಯ. ಕಪ್ಪು ಸಮುದ್ರದಲ್ಲಿ ನಡೆದದ್ದು ಸಣ್ಣ ವಿಷಯ ಅಲ್ಲ. 2022ರ ಏಪ್ರಿಲ್ 14ರಂದು ರಷ್ಯಾದ ದೊಡ್ಡ ಯುದ್ಧನೌಕೆ, ಮಾಸ್ಕ್ವಾ ಅನ್ನುವ ಕ್ರೂಸರ್, ಮುಳುಗಿತು. ದಡದಿಂದ ಹಾರಿಸಿದ ಎರಡು ನೆಪ್ಚೂನ್ ಕ್ಷಿಪಣಿಗಳ ಕೆಲಸ ಅದು ಅಂತ ಉಕ್ರೇನ್ ಹೇಳಿತು. 2024ರ ಫೆಬ್ರುವರಿಯಲ್ಲಿ ಇವಾನೊವೆತ್ಸ್ ಅನ್ನುವ ಕ್ಷಿಪಣಿ ಹಡಗನ್ನೂ ತ್ಸೇಸರ್ ಕುನಿಕೊವ್ ಅನ್ನುವ ಸೈನಿಕರನ್ನು ಇಳಿಸುವ ಹಡಗನ್ನೂ, ಮಾರ್ಚ್‌ನಲ್ಲಿ ಸೆರ್ಗೇಯ್ ಕೊತೊವ್ ಅನ್ನುವ ಗಸ್ತು ಹಡಗನ್ನೂ ಮಗುರಾ ಅನ್ನುವ ದೋಣಿ ಡ್ರೋನ್‌ಗಳು ಮುಳುಗಿಸಿದವು. ಹೇಳಿಕೊಳ್ಳುವಂಥ ಯುದ್ಧನೌಕೆಯೇ ಉಳಿದಿರದ ದೇಶ ಇಷ್ಟು ಮಾಡಿತು.

ಆದರೆ ಎರಡು ಮಾತು ಗಮನಿಸಿ. ಕಪ್ಪು ಸಮುದ್ರ ಒಂದು ದೊಡ್ಡ ಕೆರೆಯಷ್ಟೇ. ಶತ್ರುವಿನ ಬಂದರು ದೋಣಿ ಡ್ರೋನ್ ತಲುಪುವ ದೂರದಲ್ಲೇ ಇದೆ. ಮತ್ತೆ, ಡ್ರೋನ್ ಶತ್ರುವನ್ನು ಕಡಲಿಗೆ ಇಳಿಯದ ಹಾಗೆ ತಡೆಯುತ್ತದೆ, ತಾನೇ ಹೋಗಿ ಕಡಲನ್ನು ಬಳಸುವುದಕ್ಕೆ ಆಗುವುದಿಲ್ಲ. 2024ರ ಮಾರ್ಚ್‌ನಲ್ಲಿ ಸೊಮಾಲಿಯಾದ ಕಡಲ್ಗಳ್ಳರು ಹಿಡಿದಿಟ್ಟ ರುಯೆನ್ ಅನ್ನುವ ಸರಕು ಹಡಗನ್ನು ಐಎನ್‌ಎಸ್ ಕೋಲ್ಕತ್ತ ಬಿಡಿಸಿತು. ಜಾಗ ಭಾರತದ ತೀರದಿಂದ ಸುಮಾರು 2,600 ಕಿಲೋಮೀಟರ್ ದೂರ. 40 ಗಂಟೆ ಬೆನ್ನು ಬಿಡದೆ ನಿಂತು, ವಿಮಾನದಿಂದ ಕಮಾಂಡೊಗಳನ್ನು ಇಳಿಸಿಕೊಂಡು, 35 ಕಳ್ಳರನ್ನು ಶರಣಾಗಿಸಿ, 17 ನಾವಿಕರನ್ನು ಜೀವಂತ ಹೊರತಂದರು. ಅಲ್ಲಿಗೆ ಯಾವ ದೋಣಿ ಡ್ರೋನ್ ಕಳಿಸುತ್ತೀರಿ? ಕಳಿಸಿದರೂ ಶರಣಾದವರನ್ನು ಎಲ್ಲಿ ಕೂರಿಸುತ್ತದೆ?

ನಮ್ಮ ಕಡಲಿನ ಉದಾಹರಣೆಯೇ ಬೇಕೆಂದರೆ 2025ರ ಜೂನ್ 9 ನೆನಪಿರಬಹುದು. ಕೊಲಂಬೊದಿಂದ ಮುಂಬೈ ಕಡೆ ಹೊರಟಿದ್ದ ವಾನ್ ಹಾಯ್ 503 ಅನ್ನುವ ಕಂಟೇನರ್ ಹಡಗಿಗೆ ಕಣ್ಣೂರಿನ ಅಳಿಕ್ಕಲ್ ಕಡಲಾಚೆ ಬೆಂಕಿ ಬಿತ್ತು. 22 ಮಂದಿಯಲ್ಲಿ ಬದುಕಿದ 18 ಮಂದಿಯನ್ನು ಮಂಗಳೂರಿಗೆ ತಂದದ್ದು ಐಎನ್‌ಎಸ್ ಸೂರತ್. ಆ ವರ್ಷ ಜನವರಿಯಲ್ಲಷ್ಟೇ ಸೇವೆಗೆ ಸೇರಿದ್ದ, ಬ್ರಹ್ಮೋಸ್ ಕ್ಷಿಪಣಿ ತುಂಬಿಕೊಂಡ ಡಿಸ್ಟ್ರಾಯರ್ ಅದು. ಬೆಂಕಿಗೆ ನೀರು ಹಾಕಿದ್ದು ಕೋಸ್ಟ್ ಗಾರ್ಡ್ ಹಡಗುಗಳು. ಉರಿಯುವ ಹಡಗಿನ ಮೇಲೆ ಜನ ಇಳಿಸಿದ್ದು ನೌಕಾಪಡೆಯ ಹೆಲಿಕಾಪ್ಟರ್. ಅದನ್ನು ದಡದಿಂದ ದೂರ ಎಳೆದದ್ದು ಟಗ್. ಒಂದೇ ಘಟನೆಗೆ ನಾಲ್ಕು ಬಗೆಯ ಸಾಮಾನು ಬೇಕಾಯಿತು. ಮಳೆಗಾಲದ ಕಡಲು ಬೇರೆ. ನಿಮ್ಮ ಊರಿನ ಬೋಟುಗಳು ದಡ ಹತ್ತಿ ಕೂರುವ ಕಾಲದಲ್ಲೂ ಹಡಗು ಹೊರಗೆ ಹೋಗಬೇಕು. ಅಲೆಯ ಮುಂದೆ ನಿಲ್ಲುವುದಕ್ಕೆ ಗಾತ್ರ ಬೇಕೇ ಬೇಕು.

ಹಾಗಾದರೆ ಡ್ರೋನ್ ನನ್ನ 50ರಲ್ಲಿ ಯಾಕಿಲ್ಲ? ಅದನ್ನು ಹಡಗು ಅಂತ ನಾನು ಎಣಿಸುವುದಿಲ್ಲ, ಅಷ್ಟೇ. ಪ್ರತಿ ಫ್ರಿಗೇಟಿನ ಮೇಲೂ ಹಾರುವ ಡ್ರೋನ್ ಇರಲಿ. ಮೈನ್ ಹುಡುಕುವುದಕ್ಕೆ ನೀರಿನಡಿಯ ಡ್ರೋನ್ ಇರಲಿ. ಬಂದರಿನ ಬಾಯಿ ಕಾಯುವುದಕ್ಕೆ ದೋಣಿ ಡ್ರೋನ್‌ಗಳ ಒಂದು ಹಿಂಡೇ ಇರಲಿ. ಅವು ಮದ್ದುಗುಂಡಿನ ಲೆಕ್ಕಕ್ಕೆ ಬರುತ್ತವೆ.

ಬೆನ್ನೆಲುಬು ಫ್ರಿಗೇಟ್. ಈ ಹೆಸರುಗಳ ಗಡಿ ಈಗ ಅಳಿಸಿಹೋಗಿದೆ, ಒಂದು ದೇಶದ ಫ್ರಿಗೇಟ್ ಇನ್ನೊಂದು ದೇಶದ ಡಿಸ್ಟ್ರಾಯರ್‌ಗಿಂತ ದೊಡ್ಡದಿರುತ್ತದೆ. ನಮ್ಮ ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ಆಕಾಶದಿಂದ ಬರುವುದನ್ನು ತನಗಷ್ಟೇ ಅಲ್ಲ, ಸುತ್ತಲಿನ ಹಡಗುಗಳಿಗೂ ತಡೆಯುವುದು ಡಿಸ್ಟ್ರಾಯರ್. ವಿಶಾಖಪಟ್ಟಣಂ ವರ್ಗದ ಹಡಗು ಸುಮಾರು 7,400 ಟನ್, ಅದರಲ್ಲಿ 32 ಬರಾಕ್ ಕ್ಷಿಪಣಿ, 16 ಬ್ರಹ್ಮೋಸ್. ಸ್ವಲ್ಪ ಕಡಿಮೆ ಬೆಲೆಗೆ ಸ್ವಲ್ಪ ಸ್ವಲ್ಪ ಎಲ್ಲ ಮಾಡುವುದು, ಅದರಲ್ಲೂ ಸಬ್‌ಮರೀನ್ ಬೇಟೆ ಮಾಡುವುದು ಫ್ರಿಗೇಟ್. ನಮ್ಮ ನೀಲಗಿರಿ ವರ್ಗದ್ದು 6,670 ಟನ್, ಹಿಂದಿನ ಕಾಲದಲ್ಲಾದರೆ ಅದನ್ನೇ ಕ್ರೂಸರ್ ಅನ್ನುತ್ತಿದ್ದರು.

ಕ್ಷಿಪಣಿ ಎಷ್ಟಿದೆ ಅನ್ನುವುದಕ್ಕಿಂತ ಮುಗಿದ ಮೇಲೆ ಏನು ಅನ್ನುವುದು ಮುಖ್ಯ. ಕೆಂಪು ಸಮುದ್ರದಲ್ಲಿ 2023ರ ಕೊನೆಯಿಂದ ಯೆಮೆನ್‌ನ ಹೂತಿ ಬಂಡುಕೋರರು ಡ್ರೋನ್, ಕ್ಷಿಪಣಿ ಹಾರಿಸಿದಾಗ ಇದು ಎಲ್ಲರಿಗೂ ಗೊತ್ತಾಯಿತು. ಡೆಕ್ಕಿನ ಕೆಳಗೆ ನೆಟ್ಟಗೆ ನಿಲ್ಲಿಸಿದ ಕ್ಷಿಪಣಿ ಗೂಡು ಖಾಲಿಯಾದರೆ ನಡುಗಡಲಲ್ಲಿ ತುಂಬಿಸುವುದು ಹೆಚ್ಚುಕಡಿಮೆ ಆಗದ ಮಾತು, ಬಂದರಿಗೆ ವಾಪಸು ಹೋಗಬೇಕು. ಅಗ್ಗದ ಡ್ರೋನಿಗೆ ಕೋಟಿಗಟ್ಟಲೆ ಬೆಲೆಯ ಕ್ಷಿಪಣಿ ಹಾರಿಸುತ್ತಾ ಹೋದರೆ ಡ್ರೋನ್ ಬಿಟ್ಟವನೇ ಗೆದ್ದ ಹಾಗೆ. 2024ರ ಮಾರ್ಚ್‌ನಲ್ಲಿ ಇಟಲಿಯ ಕಾಯೊ ದುಯಿಲಿಯೊ ಅನ್ನುವ ಯುದ್ಧನೌಕೆ ಒಂದು ಡ್ರೋನನ್ನು 76 ಮಿಲಿಮೀಟರ್ ತೋಪಿನಿಂದಲೇ ಹೊಡೆದು ಬೀಳಿಸಿತು. ಹಳೆಯ ಕಾಲದ್ದು ಅಂತ ಎಲ್ಲರೂ ಮೂಗು ಮುರಿಯುತ್ತಿದ್ದ ತೋಪಿಗೆ ಮತ್ತೆ ಮರ್ಯಾದೆ ಬಂತು.

ಎಂಜಿನ್ನಿನವನಾಗಿ ಇನ್ನೆರಡು ಮಾತು ಹೇಳದೆ ಬಿಡಲಾರೆ. ಹುಡುಗರಿಗೆ ವೇಗದ ಹುಚ್ಚು ಜಾಸ್ತಿ. ಹಡಗಿನ ವೇಗ ಎರಡು ಪಟ್ಟಾಗಬೇಕಾದರೆ ಎಂಜಿನ್ ಶಕ್ತಿ ಸುಮಾರು ಎಂಟು ಪಟ್ಟು ಬೇಕು. ಕೊನೆಯ ನಾಲ್ಕೈದು ನಾಟ್‌ಗಾಗಿ (ನಾಟ್ ಅಂದರೆ ಹಡಗಿನ ವೇಗದ ಅಳತೆ) ಅರ್ಧ ಹಡಗನ್ನೇ ಎಂಜಿನ್ನಿಗೆ ಬಿಟ್ಟುಕೊಡಬೇಕಾಗುತ್ತದೆ. ಆ ಜಾಗದಲ್ಲಿ ಡೀಸೆಲ್, ಅಕ್ಕಿ, ಬಿಡಿಭಾಗ ತುಂಬಿದರೆ ಹಡಗು ಇನ್ನೊಂದು ವಾರ ಹೊರಗೆ ನಿಲ್ಲುತ್ತದೆ. ಎರಡನೆಯದು, ಹನ್ನೆರಡೂ ಫ್ರಿಗೇಟ್‌ಗಳಿಗೆ ಒಂದೇ ಬಗೆಯ ಎಂಜಿನ್ ಇರಲಿ. ನಮ್ಮ ದೊಡ್ಡ ಡಿಸ್ಟ್ರಾಯರ್‌ಗಳ ಗ್ಯಾಸ್ ಟರ್ಬೈನ್ ಉಕ್ರೇನಿನ ಜೋರ್ಯಾ ಕಂಪನಿಯದು, ಶಿವಾಲಿಕ್ ಫ್ರಿಗೇಟಿನದು ಅಮೆರಿಕದ ಜಿಇ ವಿನ್ಯಾಸದ್ದು. ರಷ್ಯಾದಲ್ಲಿ ಕಟ್ಟಿದ ತುಷಿಲ್, ತಮಾಲ್ ಹಡಗುಗಳಿಗೆ ಉಕ್ರೇನಿನ ಟರ್ಬೈನ್ ನಾವೇ ಕೊಂಡು ರಷ್ಯಾಕ್ಕೆ ಕೊಡಬೇಕಾಯಿತು. ಪರಸ್ಪರ ಯುದ್ಧ ಮಾಡುವ ಎರಡು ದೇಶಗಳ ಸಾಮಾನು ಒಂದೇ ಹಡಗಿನ ಹೊಟ್ಟೆಯಲ್ಲಿ! ಸ್ಟೋರಿನವರ ತಲೆನೋವು ನಿಮಗೆ ಅರ್ಥ ಆದೀತು.

ಸಬ್‌ಮರೀನ್ 8 ಯಾಕೆ? ಅದು ಹೊಡೆಯುವುದಕ್ಕಿಂತ ಹೆಚ್ಚಾಗಿ ಹೆದರಿಸುತ್ತದೆ. 1982ರಲ್ಲಿ ಫಾಕ್‌ಲೆಂಡ್ ಯುದ್ಧದಲ್ಲಿ ಬ್ರಿಟನ್ನಿನ ಕಾಂಕರರ್ ಅನ್ನುವ ಅಣು ಸಬ್‌ಮರೀನ್ ಅರ್ಜೆಂಟೀನಾದ ಬೆಲ್ಗ್ರಾನೊ ಕ್ರೂಸರನ್ನು ಮುಳುಗಿಸಿತು, 323 ಮಂದಿ ಸತ್ತರು. ಆಮೇಲೆ ಅರ್ಜೆಂಟೀನಾದ ವಿಮಾನವಾಹಕ ಬಂದರು ಸೇರಿದ್ದು ಯುದ್ಧ ಮುಗಿಯುವವರೆಗೂ ಹೊರಗೆ ಬರಲಿಲ್ಲ. ಇನ್ನೊಂದು ಕಡೆ ಅರ್ಜೆಂಟೀನಾದ ಸಾನ್ ಲೂಯಿಸ್ ಅನ್ನುವ ಒಂದೇ ಒಂದು ಡೀಸೆಲ್ ಸಬ್‌ಮರೀನ್ ಬ್ರಿಟಿಷರ ನಿದ್ದೆ ಕೆಡಿಸಿತು. ಅದರ ಟಾರ್ಪಿಡೊ ಒಂದೂ ತಾಗಲಿಲ್ಲ. ಆದರೂ ಅದು ಎಲ್ಲೋ ಇದೆ ಅನ್ನುವ ಅನುಮಾನಕ್ಕೇ ಬ್ರಿಟಿಷ್ ಹಡಗುಗಳು ಕಂಡಕಂಡ ಸದ್ದಿನ ಮೇಲೆಲ್ಲ ಟಾರ್ಪಿಡೊ ಖರ್ಚು ಮಾಡಿದವು.

ಅಣು ಸಬ್‌ಮರೀನ್ ಬೇಡ. ಮಧ್ಯಮ ದೇಶಕ್ಕೆ ಅದರ ಖರ್ಚು, ಅದರ ಕಲಿಕೆ ಎರಡೂ ಭಾರ. ಡೀಸೆಲ್‌ನದ್ದು ನಿಧಾನ. ಬ್ಯಾಟರಿ ಉಳಿಸಬೇಕಾದರೆ ನಡೆಯುವಷ್ಟೇ ವೇಗದಲ್ಲಿ ತೆವಳಬೇಕು. ಹಾಗಾಗಿ ಅದನ್ನು ಓಡಾಡಿಸುವುದಲ್ಲ, ಒಂದು ಜಾಗದಲ್ಲಿ ಕಾದು ಕೂರಿಸುವುದು. ಎಂಟಿದ್ದರೆ ಎರಡು ಮೂರು ಹೊರಗಿರುತ್ತವೆ. ಪ್ರತಿ ಕಡಲಿಗೂ ಒಂದಾದರೂ ಸಿಗುತ್ತದೆ.

ಈಗ ನನಗೆ ಇಷ್ಟವಾದ ಭಾಗ. ಚಿಕ್ಕ ಹಡಗು 10 ಅಂದೆನಲ್ಲ, ಅವು ಯಾಕೆ ಬೇಕು?

ನಿಮ್ಮ ಕುಂಬಳೆಯ ದಡದಿಂದ ನೇರ ಪಶ್ಚಿಮಕ್ಕೆ ಹತ್ತಾರು ಕಿಲೋಮೀಟರ್ ಹೋದರೂ ಆಳ ನೂರು ಮೀಟರ್ ದಾಟುವುದಿಲ್ಲ. ಇಂಥ ನೀರಿನಲ್ಲಿ ಸಬ್‌ಮರೀನ್ ಹುಡುಕುವುದು ಅಂದರೆ ಮಹಾ ಕಿರಿಕಿರಿ. ಸೋನಾರ್ ಅಂದರೆ ನೀರಿನೊಳಗೆ ಸದ್ದು ಬಿಟ್ಟು ಪ್ರತಿಧ್ವನಿ ಕೇಳುವ ಯಂತ್ರ. ಅದು ಬಿಟ್ಟ ಸದ್ದು ತಳಕ್ಕೆ ಬಡಿದು ವಾಪಸು ಬರುತ್ತದೆ, ಮೇಲಕ್ಕೆ ಬಡಿದು ವಾಪಸು ಬರುತ್ತದೆ. ಮುಳುಗಿದ ಹಳೆಯ ಬೋಟೂ ಸಬ್‌ಮರೀನ್ ಹಾಗೆ ಕೇಳಿಸುತ್ತದೆ. ಟ್ರಾಲರ್‌ಗಳ ಎಂಜಿನ್ ಸದ್ದಂತೂ ಕೇಳುವುದೇ ಬೇಡ. ಅದರ ಮೇಲೆ ಬಿಸಿಲು. ಬೆಳಗ್ಗೆ ಚೆನ್ನಾಗಿ ಕೇಳಿಸುತ್ತಿದ್ದ ಸೋನಾರ್ ಮಧ್ಯಾಹ್ನದ ಹೊತ್ತಿಗೆ ಕಿವುಡಾಗುತ್ತದೆ. ಬಿಸಿಲಿಗೆ ಮೇಲಿನ ನೀರು ಕಾಯುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ. ಇಂಥಲ್ಲಿ ಸದ್ದು ತಣ್ಣನೆಯ ನೀರಿನ ಕಡೆ ಬಾಗುತ್ತದೆ. ನೇರ ಮುಂದಕ್ಕೆ ಹೋಗಬೇಕಾದ ಸದ್ದು ಕೆಳಕ್ಕೆ ಬಾಗಿ ತಳ ಸೇರುತ್ತದೆ. ಸ್ವಲ್ಪ ದೂರದಲ್ಲೇ ಸಬ್‌ಮರೀನ್ ನಿಂತಿದ್ದರೂ ಗೊತ್ತಾಗುವುದಿಲ್ಲ. ಇದು ಎಲ್ಲ ನೌಕಾಪಡೆಗಳಿಗೂ ಗೊತ್ತಿರುವ ಹಳೆಯ ಕಾಟ. ಸೋನಾರ್ ಯಂತ್ರವನ್ನೇ ಕೇಬಲ್ಲಿನಲ್ಲಿ ಆ ಬೆಚ್ಚಗಿನ ಪದರದ ಕೆಳಗೆ ಇಳಿಸಿ ಕೇಳುವುದು ಒಂದು ಉಪಾಯ. ಹೆಲಿಕಾಪ್ಟರ್ ನೀರಿನ ಮೇಲೆ ನಿಂತು ಸೋನಾರ್ ಅದ್ದುವುದು ಇನ್ನೊಂದು.

ಇದನ್ನು ನಾವು ರಕ್ತ ಕೊಟ್ಟು ಕಲಿತಿದ್ದೇವೆ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಕಡಲಾಚೆ ಐಎನ್‌ಎಸ್ ಖುಕ್ರಿಯನ್ನು ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ಮುಳುಗಿಸಿತು. ಖುಕ್ರಿ ಸಬ್‌ಮರೀನ್ ಬೇಟೆಗೆಂದೇ ಕಟ್ಟಿದ ಫ್ರಿಗೇಟ್. ಹಂಗೋರ್‌ನ ಸೋನಾರ್ ಅದಕ್ಕಿಂತ ದೂರ ಕೇಳಿಸಿಕೊಳ್ಳುತ್ತಿತ್ತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ.

ಆಳವಿಲ್ಲದ ನೀರಿಗೆ 7,000 ಟನ್ನಿನ ಡಿಸ್ಟ್ರಾಯರ್ ಕಳಿಸುವುದು ದಂಡವೂ ಹೌದು, ಅಪಾಯವೂ ಹೌದು. 77 ಮೀಟರ್ ಉದ್ದದ, ವಾಟರ್‌ಜೆಟ್‌ನಲ್ಲಿ ಓಡುವ ಚಿಕ್ಕ ಹಡಗು ಸಾಕು. ನಮ್ಮ ನೌಕಾಪಡೆ ಈಗ ಅಂಥ 16 ಹಡಗು ಮಾಡಿಸುತ್ತಿದೆ. ಅದರಲ್ಲಿ ಮೊದಲನೆಯದಾದ ಅರ್ನಾಲಾ 2025ರ ಜೂನ್ 18ರಂದು ಸೇವೆಗೆ ಸೇರಿತು. ಟಿವಿಯಲ್ಲಿ ಅದಕ್ಕೆ ಸಿಕ್ಕ ಸಮಯ ಎಷ್ಟು ಅಂತ ಕೇಳಬೇಡಿ.

ಮೈನ್ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಮೈನ್ ಅಂದರೆ ನೀರಿನಲ್ಲಿ ಇಟ್ಟು ಹೋಗುವ ಬಾಂಬು. 1988ರ ಏಪ್ರಿಲ್‌ನಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಬಿ ರಾಬರ್ಟ್ಸ್ ಫ್ರಿಗೇಟ್ ಇರಾನಿನ ಮೈನ್‌ಗೆ ತಾಗಿತು. ಆ ಮೈನ್‌ನ ವಿನ್ಯಾಸ 1908ರ ರಷ್ಯಾದ್ದು! ಹಡಗಿನ ಬೆನ್ನೆಲುಬೇ ಮುರಿಯಿತು, ನಾವಿಕರ ಸಾಹಸದಿಂದ ಮುಳುಗದೆ ಉಳಿಯಿತು. ರಿಪೇರಿಗೆ ಸುಮಾರು 9 ಕೋಟಿ ಡಾಲರ್ ಖರ್ಚಾಯಿತು. 1991ರ ಫೆಬ್ರುವರಿ 18ರಂದು ಇರಾಕಿನ ಮೈನ್‌ಗಳಿಗೆ ಒಂದೇ ದಿನ ಅಮೆರಿಕದ ಎರಡು ದೊಡ್ಡ ಹಡಗು, ಟ್ರಿಪೊಲಿ ಮತ್ತು ಪ್ರಿನ್ಸ್‌ಟನ್, ಸಿಕ್ಕಿಬಿದ್ದವು. ಟ್ರಿಪೊಲಿ ಬಂದಿದ್ದೇ ಮೈನ್ ತೆಗೆಸುವ ಕೆಲಸಕ್ಕೆ.

ನಮ್ಮ ಪಕ್ಕದ ಮಂಗಳೂರು ಬಂದರನ್ನೇ ತೆಗೆದುಕೊಳ್ಳಿ. ಹಡಗುಗಳು ಹೂಳೆತ್ತಿ ಇಟ್ಟ ಒಂದೇ ಕಾಲುವೆಯಲ್ಲಿ ಒಳಗೆ ಬರಬೇಕು. ಅಲ್ಲಿ ನಾಲ್ಕು ಮೈನ್ ಇದೆ ಅನ್ನುವ ಸುದ್ದಿ ಹಬ್ಬಿದರೆ ಸಾಕು. ಮೈನ್ ಇಲ್ಲದಿದ್ದರೂ ಸಾಕು! ವಿಮಾ ಕಂಪನಿಗಳು ಹಿಂದೆ ಸರಿಯುತ್ತವೆ, ಹಡಗಿನ ಮಾಲೀಕರು ಬರುವುದಿಲ್ಲ ಅನ್ನುತ್ತಾರೆ. ಇಲ್ಲ ಅಂತ ಸಾಬೀತು ಮಾಡುವವರೆಗೆ ಬಂದರು ಮುಚ್ಚಿದ ಹಾಗೆಯೇ. ಸಾಬೀತು ಮಾಡುವ ಹಡಗಿನ ಮೈ ಕಬ್ಬಿಣದ್ದಾಗಿರಬಾರದು, ಫೈಬರ್ ಗ್ಲಾಸೋ ಮರವೋ ಕಾಂತಕ್ಕೆ ಸಿಗದ ಸ್ಟೀಲೋ ಆಗಿರಬೇಕು. ಕಾಂತದಿಂದ ಕೆಲಸ ಮಾಡುವ ಮೈನ್ ಕಬ್ಬಿಣ ಬಂದರೆ ಎಚ್ಚರಾಗುತ್ತದೆ. ಅದಕ್ಕೇ ಈ ಕೆಲಸಕ್ಕೆ ಬೇರೆ ಹಡಗೇ ಬೇಕು.

ಭಾರತದ ಬಳಿ ಇಂಥ ಹಡಗುಗಳ ಒಂದು ಸಾಲೇ ಇತ್ತು. ಹೆಸರುಗಳೂ ನಮ್ಮ ಕಡೆಯವೇ: ಕಾರವಾರ, ಕಣ್ಣೂರು, ಕೋಳಿಕ್ಕೋಡು, ಆಲಪ್ಪುಳ. 2019ರಲ್ಲಿ ಐಎನ್‌ಎಸ್ ಕೋಳಿಕ್ಕೋಡು ನಿವೃತ್ತಿಯಾಯಿತು. ಅಲ್ಲಿಗೆ ಸಾಲು ಮುಗಿಯಿತು. ಹೊಸದಾಗಿ 12 ಕಟ್ಟುವ ಯೋಜನೆ ಕೊರಿಯಾ ಕಂಪನಿಯ ಜೊತೆ ಮಾತುಕತೆಯಾಗಿ, ನಿಂತು, ಮತ್ತೆ ಶುರುವಾಗಿ, 2025ರ ಜುಲೈಯಲ್ಲಿ ಇನ್ನೊಮ್ಮೆ ಒಪ್ಪಿಗೆ ಪಡೆದಿದೆ. ಎರಡು ವಿಮಾನವಾಹಕ ಇರುವ ನೌಕಾಪಡೆಗೆ ಮೈನ್ ತೆಗೆಯಲೆಂದೇ ಕಟ್ಟಿದ ಹಡಗು ಇಲ್ಲ. ಸದ್ಯಕ್ಕೆ ಬೇರೆ ಹಡಗಿಗೆ ಕಟ್ಟಿ ಬಳಸುವ ಉಪಕರಣಗಳಿಂದ ಸಂಭಾಳಿಸುತ್ತಿದ್ದಾರೆ. ವಿಮಾನವಾಹಕವೂ ಅದೇ ಕಾಲುವೆಯಲ್ಲಿ ತಾನೇ ಹೊರಗೆ ಹೋಗಬೇಕು?

ನೀವು ಕುಂಬಳೆಯವರು, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು. ಮೇಳದಲ್ಲಿ ಎಲ್ಲರೂ ಕಿರೀಟದ ವೇಷವೇ ಕಟ್ಟಿ ಕುಳಿತರೆ ಚೆಂಡೆ ಯಾರು ಬಾರಿಸುವುದು, ಪೆಟ್ಟಿಗೆ ಯಾರು ಹೊರುವುದು? ನೌಕಾಪಡೆಗಳು ಕೆಡುವುದು ಬಹುಮಟ್ಟಿಗೆ ಹೀಗೆಯೇ. ಬಜೆಟ್ ಕಡಿಮೆಯಾದಾಗ ಕಿರೀಟದ ವೇಷ ಯಾರೂ ಬಿಡುವುದಿಲ್ಲ.

ಪೆಟ್ಟಿಗೆ ಹೊರುವುದರಲ್ಲಿ ಮೊದಲನೆಯದು ಟ್ಯಾಂಕರ್. ಪ್ರತಿ ವರ್ಷ ಡಿಸೆಂಬರ್ 4ರಂದು ನೌಕಾಪಡೆ ದಿನ ಆಚರಿಸುತ್ತೇವಲ್ಲ, 1971ರಲ್ಲಿ ಆ ರಾತ್ರಿ ಕರಾಚಿ ಮೇಲೆ ದಾಳಿ ಮಾಡಿದ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳ ಹೆಸರು ಎಲ್ಲ ಕ್ವಿಜ್‌ಗಳಲ್ಲೂ ಬರುತ್ತದೆ. ಖೈಬರ್ ಅನ್ನುವ ಡಿಸ್ಟ್ರಾಯರನ್ನು ಮುಳುಗಿಸಿದವರು ಅವರು. ಆದರೆ ಆ ದೋಣಿಗಳು ಬಂದರು ಕಾಯುವುದಕ್ಕೆ ಮಾಡಿದವು, ಅಷ್ಟು ದೂರ ಹೋಗುವ ಇಂಧನ ಅವುಗಳಲ್ಲಿ ಇರಲಿಲ್ಲ. ಜೊತೆಗೆ ಕಿಲ್ತಾನ್, ಕಚ್ಚಾಲ್ ಎಂಬ ಎರಡು ದೊಡ್ಡ ಹಡಗುಗಳೂ ಪೋಷಕ್ ಎಂಬ ಟ್ಯಾಂಕರೂ ಇದ್ದವು. ಪೋಷಕ್ ಹೆಸರು ಎಷ್ಟು ಜನರಿಗೆ ಗೊತ್ತು?

ನಡುಗಡಲಲ್ಲಿ ಇಂಧನ ತುಂಬಿಸುವುದನ್ನು ಅವಕಾಶ ಸಿಕ್ಕರೆ ವೀಡಿಯೊದಲ್ಲಾದರೂ ನೋಡಿ. ಎರಡು ಹಡಗು ಪಕ್ಕಪಕ್ಕ, ಮೂವತ್ತು ನಲವತ್ತು ಮೀಟರ್ ಅಂತರದಲ್ಲಿ, ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಓಡುತ್ತಿರುತ್ತವೆ. ಮೊದಲು ಬಂದೂಕಿನಿಂದ ಒಂದು ತೆಳು ದಾರ ಹಾರಿಸುತ್ತಾರೆ. ಅದರ ತುದಿಗೆ ಹಗ್ಗ, ಹಗ್ಗದ ತುದಿಗೆ ಉಕ್ಕಿನ ತಂತಿ, ಅದರ ಮೇಲೆ ತೊಡೆ ದಪ್ಪದ ಮೆದುಗೊಳವೆ. ನಡುವಿನ ನೀರು ಜೋರಾಗಿ ಹರಿದು ಎರಡು ಹಡಗನ್ನೂ ಒಂದರ ಕಡೆ ಒಂದನ್ನು ಎಳೆಯುತ್ತದೆ. ಚುಕ್ಕಾಣಿ ಹಿಡಿದವನು ಒಂದು ಡಿಗ್ರಿ, ಅರ್ಧ ಡಿಗ್ರಿ ಲೆಕ್ಕದಲ್ಲಿ ತಿದ್ದುತ್ತಾ ನಿಲ್ಲಬೇಕು. ಗಂಟೆಗಟ್ಟಲೆ ಹೀಗೆ. ಇದಿಲ್ಲದಿದ್ದರೆ ಫ್ರಿಗೇಟ್ ಕೆಲವು ದಿನಕ್ಕೊಮ್ಮೆ ಬಂದರಿಗೆ ಓಡಬೇಕು. ಒಂದು ಟ್ಯಾಂಕರ್ ಇದ್ದರೆ ನಾಲ್ಕು ಫ್ರಿಗೇಟ್ ಆರರ ಕೆಲಸ ಮಾಡುತ್ತವೆ. ಇದು ನನ್ನ ಅಂದಾಜು, ಆದರೆ ಜಾಸ್ತಿ ಹೇಳಿಲ್ಲ. ನಮ್ಮಲ್ಲೂ ಇದರ ಕೊರತೆ ಇದೆ, ವಿಶಾಖಪಟ್ಟಣದಲ್ಲಿ 44,000 ಟನ್ನಿನ ಐದು ಹೊಸ ಪೂರೈಕೆ ಹಡಗುಗಳಿಗೆ 2023ರಲ್ಲಿ ಒಪ್ಪಂದ ಆಯಿತು.

ಉಳಿದದ್ದು ಬೇಗ ಮುಗಿಸುತ್ತೇನೆ. ಗಸ್ತು ಹಡಗು 4 ಸಾಕು, ದಿನನಿತ್ಯದ ಕಾವಲು ಕೋಸ್ಟ್ ಗಾರ್ಡ್ ಕೆಲಸ. ಸೈನಿಕರನ್ನು ಇಳಿಸುವ ಹಡಗು ಯುದ್ಧಕ್ಕಿಂತ ನೆರೆ, ಚಂಡಮಾರುತಕ್ಕೇ ಹೆಚ್ಚು ಬೇಕಾಗುತ್ತದೆ. 2020ರಲ್ಲಿ ಕೊರೊನಾ ಕಾಲದಲ್ಲಿ ಮಾಲ್ಡೀವ್ಸ್‌ನಿಂದ 698 ಮಂದಿಯನ್ನು ಐಎನ್‌ಎಸ್ ಜಲಾಶ್ವ ಒಂದೇ ಸಲ ಕೊಚ್ಚಿಗೆ ತಂದಿತ್ತು.

‘ಎಲ್ಲ ಕೆಲಸಕ್ಕೂ ಒಂದೇ ಹಡಗು ಮಾಡಿ, ಬೇಕಾದ ಹಾಗೆ ಉಪಕರಣ ಬದಲಿಸಿದರಾಯಿತಲ್ವಾ’ ಅಂತ ನೀವು ಕೇಳಬಹುದು. ಅಮೆರಿಕ ಅದನ್ನೇ ಮಾಡಲು ಹೋಗಿ ಕೈ ಸುಟ್ಟುಕೊಂಡಿತು. ದಡದ ಹತ್ತಿರದ ಕಾಳಗಕ್ಕೆಂದು ಮಾಡಿದ ಅವರ ಎಲ್‌ಸಿಎಸ್ ಹಡಗುಗಳ ಸಬ್‌ಮರೀನ್ ಬೇಟೆ ಉಪಕರಣ ಕೊನೆಗೂ ಬರಲೇ ಇಲ್ಲ. ಅದರಲ್ಲಿ ಸೂ ಸಿಟಿ ಅನ್ನುವ ಹಡಗು 2018ರಲ್ಲಿ ಸೇರಿ 2023ರಲ್ಲೇ ನಿವೃತ್ತಿಯಾಯಿತು. ಜುಮ್ವಾಲ್ಟ್ ಅನ್ನುವ ಡಿಸ್ಟ್ರಾಯರ್ 32 ಕಟ್ಟಲು ಹೊರಟು 3ಕ್ಕೆ ನಿಲ್ಲಿಸಿದರು. ಸಂಖ್ಯೆ ಕಡಿಮೆಯಾದದ್ದಕ್ಕೆ ಅದರ ತೋಪಿನ ಗುಂಡಿನ ಬೆಲೆ ಏರಿ, ಗುಂಡು ಕೊಳ್ಳುವುದನ್ನೇ ಕೈಬಿಟ್ಟರು.

ಕೊನೆಯದಾಗಿ, ನೀವು ಕೇಳದ ಪ್ರಶ್ನೆ. ನಿಜವಾದ ದೇಶದಲ್ಲಿ ಹಣಕಾಸು ಇಲಾಖೆ 50ಕ್ಕೆ ಒಪ್ಪುವುದಿಲ್ಲ, 40 ಅನ್ನುತ್ತದೆ. ಆಗ ನಾನು ಗಸ್ತು ಹಡಗು ನಾಲ್ಕನ್ನೂ ಕೋಸ್ಟ್ ಗಾರ್ಡಿಗೆ ಕೊಡುತ್ತೇನೆ, ಸರ್ವೆ ಹಡಗನ್ನು ಬಂದರು ಇಲಾಖೆಗೆ. ಸೈನಿಕರನ್ನು ಇಳಿಸುವ ಹಡಗು ಒಂದು ಸಾಕು. ಡಿಸ್ಟ್ರಾಯರ್ 6ರ ಬದಲು 4, ಚಿಕ್ಕ ಹಡಗು 10ರ ಬದಲು 8. ಹತ್ತು ಕಳೆಯಿತು. ಮೈನ್ ಹಡಗು 4, ಟ್ಯಾಂಕರ್ 3 ಮುಟ್ಟುವುದಿಲ್ಲ. ಇನ್ನೂ ಐದು ಕಡಿಮೆ ಮಾಡಿ ಅಂದರೆ ಫ್ರಿಗೇಟ್ ಮೂರು, ಸಬ್‌ಮರೀನ್ ಎರಡು. ಅದಕ್ಕೂ ಕೆಳಗೆ ಇಳಿಸಬೇಕೆಂದರೆ, ಎರಡು ಕಡಲಲ್ಲಿ ಯಾವುದನ್ನು ಕಾಯುವುದಿಲ್ಲ ಅಂತ ಸರ್ಕಾರ ಮೊದಲು ಬರೆದು ಕೊಡಲಿ.